ಅವ್ವನ ಹಾಸಿಗೆಯ ಸುತ್ತ ಕಂಡದ್ದು, ಊಹಿಸಿದ್ದು

ಕಂಡದ್ದನ್ನು ಕಂಡಷ್ಟೇ ಹೇಳುವವರು ನಮ್ಮ ಬಳಗದಲ್ಲಿ ಯಾರೂ ಇಲ್ಲ. ಹಾಗಾಗಿ ಮುಂದೆ ಹೇಳುವಂಥವು ನಡೆಯುತ್ತಲೇ ಇರುತ್ತವೆ. ನಾನು ಕೆಮಿಸ್ಟ್ರಿ ಓದಿದವಳು. ನಮ್ಮ ಕಡೆಯ ಬೇಲೂರು ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯ ಲ್ಯಾಬಿನಲ್ಲಿ ಕೆಲಸ. ದ್ರಾವಣ ಕೆಂಪಾದದ್ದು ಕಂಡದ್ದು. ಅದರಲ್ಲಿ ಕಬ್ಬಿಣವಿದೆ ಎನ್ನುವುದು ಊಹೆ. ಎರಡನ್ನೂ ಬೆರೆಸಬಾರದು. ಅವ್ವನಿಗೆ ಲಕ್ವಾ ಹೊಡೆದು, ಮಾತು ನಿಂತು, ಆಸ್ಪತ್ರೆ ಸೇರಿದಾಗ ಇದನ್ನೇ ಮನೆಯವರಿಗೂ ಕಲಿಸಹೊರಟೆ. ಅವ್ವ ಉಳಿಯುತ್ತಾಳೋ ಇಲ್ಲವೋ ಡಾಕ್ಟರೂ ಹೇಳುತ್ತಿರಲಿಲ್ಲ. ಉತ್ತರವನ್ನು ಎಲ್ಲರೂ ಸಿಕ್ಕಸಿಕ್ಕಲ್ಲಿ ಹುಡುಕುತ್ತಿದ್ದರು.

ಡಾಕ್ಟರ ಚಸ್ಮಾ

ಸೋದರತ್ತೆ ವಾರ್ಡಿನ ಬಾಗಿಲಲ್ಲೇ ಅಳತೊಡಗಿದಳು.

"ಮುಗೀತವ್ವಾ. ಡಾಕ್ಟರು ಚಸ್ಮಾ ತಗದು ಒರಸಿಕೊಂಡ್ರು."

"ಅತ್ತಿ, ನೀ ನೋಡಿದ್ದು ಚಸ್ಮಾ ಒರಸಿದ್ದಷ್ಟ."

"ಸುಮ್‌ಸುಮ್ನ ಯಾರರ ಒರಸ್ಕೋತಾರೇನ?"

ಡಾಕ್ಟರನ್ನೇ ಕೇಳಿದೆ. ಮಾಸ್ಕ್ ಹಾಕಿದರೆ ಗಾಜಿಗೆ ಉಗಿ ಕೂರುತ್ತದಂತೆ.

ಅತ್ತೆ ಸೆರಗಿನಿಂದ ಮೂಗು ಒರೆಸಿಕೊಂಡಳು. "ಅಷ್ಟು ಅತ್ತದ್ದು ದಂಡ ಆತಲ್ಲ!"

ಕಣ್ಣೀರು

ಅತ್ತೆ ಹತ್ತಿರ ಕೂತಾಗಲೆಲ್ಲ ಅವ್ವನ ಕಣ್ಣಲ್ಲಿ ನೀರು. "ಮಗಳ ಲಗ್ನದ ಚಿಂತಿ," ಎಂದು ಅತ್ತೆ ಸಾರಿದಳು. ಸಂಜೆಯ ಹೊತ್ತಿಗೆ ನನ್ನ ಫೋನಿಗೆ ವರಗಳ ಫೋಟೋ ಬಂದವು.

ಅತ್ತೆಯನ್ನು ದೂರದ ಕಿಟಕಿಯ ಬಳಿ ಕೂರಿಸಿದೆ. ಕಣ್ಣೀರು ನಿಂತಿತು. ಅವಳು ಮಂಡಿನೋವಿಗೆ ಹಚ್ಚಿದ ಬಾಮ್ ತೊಳೆಸಿ ಮತ್ತೆ ಹತ್ತಿರ ಕೂರಿಸಿದೆ. ಕಣ್ಣೀರು ಬರಲಿಲ್ಲ.

"ನೋಡಿದೇನು? ಬಾಮಿನ ಘಾಟು."

"ಬಾಮ್ ಇರಲಿ. ಹುಡುಗ ಛಲೋ ಅದಾನ, ಅವನ್ನರ ನೋಡು."

ಅಪ್ಪ

ಅವ್ವ ಕೈ ಒತ್ತಿದಳು ಎಂದು ಅಪ್ಪ ದಿನಾ ಹೇಳುತ್ತಿದ್ದರು. ಯಾರೂ ಕೈ ಹಿಡಿಯದಿದ್ದಾಗಲೂ ಆ ಬೆರಳುಗಳು ಅಲುಗುವುದನ್ನು ನಾನು ಕಂಡಿದ್ದೆ. ನರ ತಾನೇ ಎಳೆಯುತ್ತದೆ ಎಂದಿದ್ದರು ಡಾಕ್ಟರು.

"ಈಗ ಒತ್ತಿದಳು. ಚಹಾ ಕುಡದು ಬರ್ರಿ ಅಂತ."

ಬೆರಳು ಮತ್ತೆ ಅಲುಗಿತು. "ಇದು ಯಾತಕ್ಕಪ್ಪಾ?"

"ಸಕ್ಕರಿ ಕಡಿಮಿ ಹಾಕಿಸ್ಕೋರಿ ಅಂತ."

ಈ ಊಹೆಯನ್ನು ನಾನು ತಿದ್ದಲಿಲ್ಲ. ಅಪ್ಪ ಹೋಗಿ ಸಕ್ಕರೆ ಕಡಿಮೆ ಚಹಾ ಕುಡಿದು ಬಂದರು.

ಸಪಾಟ ಗೆರೆ

ಒಂದು ಮಧ್ಯಾಹ್ನ ಹಾಸಿಗೆ ಪಕ್ಕದ ಮಾನಿಟರಿನ ಪರದೆಯ ಮೇಲಿನ ಗೆರೆ ಸಪಾಟಾಯಿತು, ಯಂತ್ರ ಕೂಗಿತು. "ಅವ್ವ ಹೋದಳು!" ಎಂದು ಕಿರುಚಿದವಳು ನಾನೇ. ಅತ್ತೆ ಆಗಲೇ ಗೋಪನಕೊಪ್ಪದ ಕಾಕಾನಿಗೆ ಫೋನು ಹಚ್ಚಿದ್ದಳು.

ಸಿಸ್ಟರ್ ಓಡಿ ಬಂದು, ಅವ್ವನನ್ನು ನೋಡಿ, ಬೆರಳಿಗೆ ಏನೋ ಸಿಕ್ಕಿಸಿದರು. ಗೆರೆ ಮತ್ತೆ ಕುಣಿಯಿತು. "ಕ್ಲಿಪ್ ಕಳಚಿತ್ರೀ ಅಕ್ಕಾರ."

ತಪ್ಪಾಯಿತೆಂದು ತಿಳಿಸುವುದು ಯಾರಿಗೂ ಹೊಳೆಯಲಿಲ್ಲ; ಅರ್ಧ ತಾಸಿನಲ್ಲಿ ಕಾಕಾ ದೊಡ್ಡ ಹಾರದೊಂದಿಗೆ ಬಂದ. ಅವ್ವನ ಕಣ್ಣು ತೆರೆದೇ ಇತ್ತು. ಹಾರವನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡು ಅತ್ತಿಗೆಯ ಮುಂದೆ ತೊದಲಿದ: "ಆರಾಮ ಅದೀರಲ್ರೀ, ವೈನಿ?"

ಮುಂದಿನ ವಾರ, ಒಂದು ಬೆಳಿಗ್ಗೆ, ಅವ್ವ ಖರೇನೇ ಹೋದಳು. ನಾಡಿ ನೋಡಿದೆ. ಉಸಿರು ನೋಡಿದೆ. ಡಾಕ್ಟರು ಬಂದು ನೋಡಿ ಹೇಳಿದರು. ಆಮೇಲೆ ಕಾಕಾನಿಗೆ ಫೋನು ಮಾಡಿದೆ.

ಕಾಕಾ ದನಿ ತಗ್ಗಿಸಿ ಕೇಳಿದ.

"ಸಿಟ್ಟಾಗಬ್ಯಾಡ ತಂಗೀ. ಕ್ಲಿಪ್ ನೋಡೀ ಏನು?"

"ನೋಡೇನಿ ಕಾಕಾ. ಬೆರಳಾಗ ಐತಿ."

"ಇನ್ನೊಂದ ಸಲ ನೋಡವಾ."

ಫೋನು ಕಿವಿಯಲ್ಲೇ ಇತ್ತು. ಇನ್ನೊಂದು ಸಲ ನೋಡಿದೆ.