ಹೆಂಡತಿಯ ಹರಳು, ನನ್ನ ಹೊಟ್ಟೆಕಿಚ್ಚು

ನನ್ನ ಹೆಂಡತಿಗೆ ದೋಷಗಳೆಂದರೆ ಪ್ರಾಣ! ಹಾಗಾದರೆ ನನ್ನ ಮೇಲೆ ಎಷ್ಟು ಪ್ರೀತಿ ಇರಬೇಕು ಎಂದುಕೊಂಡಿರಾ? ನನ್ನವು ಬರಿಗಣ್ಣಿಗೇ ಕಾಣುವಂಥವು. ಅವಳಿಗೆ ಬೇಕಾದವು ಸೂಕ್ಷ್ಮದರ್ಶಕದಲ್ಲಿ ಮಾತ್ರ ಕಾಣುವಂಥವು.

ಹುಮನಾಬಾದಿನಲ್ಲಿ ನನ್ನದು ಸೀರೆ ಅಂಗಡಿ. ಅವಳು ದಿನಾ ಬಸ್ಸು ಹಿಡಿದು ಬಸವಕಲ್ಯಾಣದ ಕಾಲೇಜಿಗೆ ಹೋಗಿ ಭೌತಶಾಸ್ತ್ರ ಕಲಿಸುತ್ತಾಳೆ, ಪಿಎಚ್.ಡಿ.ಗೆಂದು ಮನೆಯಲ್ಲೇ ನ್ಯಾಫ್ತಲೀನ್ ಹರಳು ಬೆಳೆಸುತ್ತಾಳೆ. ಹೌದು, ನಾವು ಬಟ್ಟೆಯ ನಡುವೆ ಇಡುವ ಬಿಳಿ ಗುಳಿಗೆಯದೇ ಸರಕು! ಹರಳನ್ನು ಬ್ಲೇಡಿನಿಂದ ಎರಡಾಗಿ ಸೀಳಿ, ದ್ರಾವಣದಲ್ಲಿ ಕೆಲವೇ ಸೆಕೆಂಡು ಅದ್ದಿ ತೆಗೆದರೆ, ಅಣುಗಳ ಸಾಲು ತಪ್ಪಿದ ಕಡೆ ಸಣ್ಣ ಕುಳಿಗಳು ಬೀಳುತ್ತವಂತೆ. ಎರಡೂ ಹೋಳುಗಳ ಕುಳಿಗಳು ಒಂದಕ್ಕೊಂದು ತಾಳೆಯಾದರೆ ಅದು ನಿಜವಾದ ದೋಷ, ಬರೀ ಮೇಲಿನ ಗೀರಲ್ಲ.

ಒಮ್ಮೆ ಮುಟ್ಟಲು ಹೋದೆ.

"ಕೈ ಹಚ್ಚಬ್ಯಾಡ್ರಿ. ಭಾಳ ಮೆತ್ತಗ ಅದ, ಉಗುರು ತಾಗಿದ್ರೂ ಗಾಯ ಆಗ್ತದ."

"ಮೊನ್ನೆ ಅಂಗಡಿ ಶಟರ್‌ನ್ಯಾಗ ನನ್ನ ಬೆರಳು ಸಿಕ್ಕಿತ್ತು. ಅದನ್ನ ನೋಡಿದೇನು?"

"ಅದು ತಾನ ಮಾಯ್ತದ, ಬಿಡ್ರಿ."

ಮದುವೆಯಾಗಿ ಇಷ್ಟು ವರ್ಷವಾದರೂ ನನ್ನ ಮುಖವನ್ನು ಅವಳು ಆ ಹರಳಿನಂತೆ ಉಸಿರು ಬಿಗಿಹಿಡಿದು ನೋಡಿಲ್ಲ. ಫ್ರಿಜ್ಜಿನಲ್ಲಿ ಅದಕ್ಕೊಂದು ಗಾಜಿನ ಡಬ್ಬಿ, ನನ್ನ ಮಾವಿನಹಣ್ಣು ಹೊರಗೆ! ಹರಳಿನ ಮೇಲೆ ಯಾರಾದರೂ ಹೊಟ್ಟೆಕಿಚ್ಚು ಪಡುತ್ತಾರೆಯೇ ಎಂದು ನಗಬೇಡಿ. ನಾನು ಪಟ್ಟೆ.

ಹೊಟ್ಟೆಕಿಚ್ಚಿನವನು ಸೀರೆ ವ್ಯಾಪಾರಿಯಾದರೆ ಏನು ಮಾಡುತ್ತಾನೆ? ಅವಳು ಕಾಲೇಜಿಗೆ ಹೋದಾಗ ಜೋಡಿಯಲ್ಲೊಂದು ಹೋಳನ್ನು ಎತ್ತಿ, ಅವಳ ಧಾರೆ ಸೀರೆಯ ಪೆಟ್ಟಿಗೆಯಲ್ಲಿಟ್ಟೆ. ಮಹಾರಾಣಿ ಎರಡು ದಿನ ಹುಡುಕಾಡಲಿ! ಆದರೆ ನಮ್ಮ ಬೇಸಿಗೆಯ ಸೆಕೆಗೆ ಅದು ಚೀಪಿದ ಪೆಪ್ಪರಮೆಂಟಿನಂತಾಯಿತು. ಕುಳಿಗಳೆಲ್ಲ ಮಾಯ. ಆ ಜೋಡಿಯನ್ನು ನೋಡಲೆಂದೇ ಶನಿವಾರ ಅವಳ ಮಾರ್ಗದರ್ಶಕರು ಮನೆಗೆ ಬರುವವರಿದ್ದರು, ಅದು ನನಗೆ ಗೊತ್ತಿರಲಿಲ್ಲ.

ಹೋಳನ್ನು ಅವಳ ಅಂಗೈಯಲ್ಲಿಟ್ಟು ಎಲ್ಲ ಒಪ್ಪಿಕೊಂಡೆ. ಅವಳು ಬೈಯಲಿಲ್ಲ. ಬೈದಿದ್ದರೆ ಊಟವಾದರೂ ಸೇರುತ್ತಿತ್ತು.

ಶನಿವಾರ ಚಹಾ ಹಿಡಿದುಕೊಂಡು ಬಾಗಿಲಲ್ಲೇ ನಿಂತೆ.

"ಮೂರು ತಿಂಗಳ ಕೆಲಸ. ಎರಡನೇ ಹೋಳು ಹ್ಯಾಂಗ ಹಾಳಾಯ್ತಮ್ಮ?" ಎಂದು ಮಾರ್ಗದರ್ಶಕರು ಕೇಳಿದರು.

"ನನ್ನ ತಪ್ಪೇ ರೀ ಸರ್. ಡಬ್ಬಿ ಮುಚ್ಚಾಕ ಮರ್ತೆ. ಮತ್ತ ಬೆಳಸ್ತೀನಿ," ಎಂದಳು.

ಚಹಾ ಕೊಟ್ಟು ಒಳಗೆ ಬಂದೆ. ಅವರು ಹೋದ ಮೇಲೆ ಕೇಳಿದೆ, "ನನ್ನ ಹೆಸರು ಯಾಕ ಹೇಳಲಿಲ್ಲ?"

ಅವಳು ನನ್ನ ಕೈ ಹಿಡಿದು, ಶಟರಿಗೆ ಸಿಕ್ಕಿದ್ದ ಬೆರಳನ್ನು ಕಿಟಕಿಯ ಬೆಳಕಿಗೆ ತಿರುಗಿಸಿದಳು.

"ಉಗುರು ಇನ್ನೂ ಕಪ್ಪಗೇ ಅದ," ಎಂದಳು. ಬಹಳ ಹೊತ್ತು ನೋಡಿದಳು, ಉಸಿರು ಬಿಗಿಹಿಡಿದು.