ಮೂರನೇ ಮಿಷನ್ನು ಹೇಳಲಿ

ನಗು ಹುಡುಕಿಕೊಂಡು ಹೋಗೋರು ಹೋಗಲಿ, ನಮ್ಮ ಮನೆಗೆ ಅದು ಚಪ್ಪಲಿ ಬಿಟ್ಟು ತಾನೇ ಒಳಗೆ ಬಂದು ಕೂರುತ್ತೆ. ಬೇಡ ಅಂದ್ರೂ ಎದ್ದು ಹೋಗಲ್ಲ.

ಹಿಂದೂಪುರದಲ್ಲಿ ನಮ್ಮದು ಸೀರೆ ಡಿಸೈನಿನ ಅಂಗಡಿ. ಮುಂದುಗಡೆ ನನ್ನ ಕಂಪ್ಯೂಟರು, ಹಿಂದುಗಡೆ ಮಾವನ ಮಗ್ಗ, ಅದರಾಚೆ ಅತ್ತೆಯ ಅಡುಗೆಮನೆ. ನಾನು ಪರದೆ ಮೇಲೆ ಚೌಕ ಚೌಕ ತುಂಬಿಸಿ ನವಿಲು, ಮಾವಿನಕಾಯಿ ಬರೀತೀನಿ, ನೇಯೋರು ಅದನ್ನ ಸೀರೆಗೆ ಇಳಿಸ್ತಾರೆ. ಗಿರಾಕಿ ಇಲ್ಲದ ಹೊತ್ತಲ್ಲಿ ಕಂಪ್ಯೂಟರು ಸುಮ್ಮನೆ ಕೂತಿರೋದು. ಹಾಗೆ ಸುಮ್ಮನೆ ಕೂತ ಕಂಪ್ಯೂಟರುಗಳನ್ನ ಲೋಕದ ಮೂಲೆ ಮೂಲೆಯಿಂದ ಕೂಡಿಸಿ, ಒಂದು ಬೆಟ್ಟದಂಥ ಲೆಕ್ಕವನ್ನ ಚೂರು ಮಾಡಿ ಎಲ್ಲರಿಗೂ ಹಂಚಿ, ಕ್ಷಯಕ್ಕೆ ಔಷಧಿ ಹುಡುಕೋ ವಿಜ್ಞಾನಿಗಳಿದ್ದಾರೆ ಅಂತ ಗೊತ್ತಾಯ್ತು. ನಮ್ಮಮ್ಮನನ್ನ ತಿಂದಿದ್ದು ಅದೇ ಕಾಯಿಲೆ. ಹಿಂದೆ ಮುಂದೆ ನೋಡದೆ ಸೇರಿಕೊಂಡೆ.

ಕೂಲಿ ಇಲ್ಲದ ಕೆಲಸ

ಮಾವನಿಗೆ ಹೇಳಿದೆ. ನೇಯ್ದು ನೇಯ್ದು ಸವೆದ ಮನುಷ್ಯ, ಮೊದಲು ಕೇಳಿದ್ದೇ, "ಕೂಲಿ ಏನು ಕೊಡ್ತಾರಮ್ಮ?"

"ಕೂಲಿ ಇಲ್ಲ ಮಾವ. ಪಾಯಿಂಟು ಕೊಡ್ತಾರೆ."

"ಆ ಪಾಯಿಂಟು ತಗೊಂಡು ಹೋದ್ರೆ ಮಂಡೀಲಿ ಒಂದು ಹಿಡಿ ಹುಣಸೆಹಣ್ಣು ಕೊಡ್ತಾರಾ?"

"ಇಲ್ಲ ಮಾವ. ಕೆಲಸ ಸರಿಯಾಗಿದೆ ಅಂತ ಮೆಚ್ಚಿ ಕೊಡೋದು, ಅಷ್ಟೇ."

"ಹೋಗ್ಲಿ, ನಿಧಾನಕ್ಕೆ ಮಾಡಬಹುದಾ?"

"ಅದೂ ಆಗಲ್ಲ. ಗಡುವು ಇದೆ. ಅಷ್ಟರೊಳಗೆ ಉತ್ತರ ಹೋಗಲಿಲ್ಲ ಅಂದ್ರೆ ಆ ಚೂರನ್ನ ಇನ್ನೊಬ್ಬರ ಕಂಪ್ಯೂಟರಿಗೆ ಕೊಟ್ಟುಬಿಡ್ತಾರೆ."

ಮಾವ ಬಾಯಿ ತೆರೆಯೋದರೊಳಗೆ ಅಡುಗೆಮನೆಯಿಂದ ಅತ್ತೆ ಅಂದರು, "ಕೂಲಿ ಇಲ್ಲ, ಗಡುವು ಮಾತ್ರ ಐತಾ? ಈ ಮನೇಗೆ ಸೊಸೆಯಾಗಿ ಬಂದಾಗಿಂದ ನಾನು ಮಾಡ್ತಿರೋದೂ ಅದೇ ಕಣಮ್ಮ. ನಂಗೆ ಪಾಯಿಂಟೂ ಕೊಟ್ಟಿಲ್ಲ!"

ಒಂದೇ ಸೀರೆ ಇಬ್ಬರಿಗೆ

ಆಮೇಲೆ ಒಂದು ದಿನ, ನಮಗೆ ಕೊಟ್ಟ ಚೂರನ್ನೇ ಇನ್ನೊಂದು ಮನೆಗೂ ಕೊಟ್ಟಿರ್ತಾರೆ ಅಂತ ಬಾಯಿ ಬಿಟ್ಟೆ. ಮಾವ ಮಗ್ಗ ನಿಲ್ಲಿಸಿ ಎದ್ದು ಬಂದರು.

"ಏನಂದೆ? ಒಂದೇ ಸೀರೇನ ಕದ್ದುಮುಚ್ಚಿ ಇಬ್ಬರಿಗೆ ನೇಯೋಕೆ ಹೇಳ್ತಾರಾ? ನಂಬಿಕೆ ಇಲ್ದಿದ್ರೆ ಕೆಲಸ ಯಾಕೆ ಕೊಡಬೇಕು? ನಾವೇನು ಕಳ್ಳರಾ?"

"ಹಂಗಲ್ಲ ಮಾವ. ಅವರಿಗೆ ನಮ್ಮ ಮುಖ ಗೊತ್ತಿಲ್ಲ. ಮಿಷನ್ನು ಕೆಟ್ಟಿರಬಹುದು, ಇಲ್ಲಾ ಯಾರೋ ಪಾಯಿಂಟಿನ ಆಸೆಗೆ ಸುಳ್ಳು ಉತ್ತರ ಕಳಿಸಬಹುದು. ಇಬ್ಬರ ಉತ್ತರ ಒಂದೇ ಬಂದ್ರೆ ಅದು ನಿಜ. ಬೇರೆ ಬೇರೆ ಬಂದ್ರೆ ಮೂರನೆಯವರಿಗೆ ಕೊಡ್ತಾರೆ. ಯಾವ ಇಬ್ಬರದು ಹೊಂದುತ್ತೋ ಅದನ್ನೇ ಸರಿ ಅಂತಾರೆ."

ನಮ್ಮ ಮೊದಲನೇ ಉತ್ತರ ಹೋದ ಮೇಲೆ ಮಾವ ನನ್ನ ಕುರ್ಚಿಯ ಹಿಂದೇನೇ ನಿಂತರು. ನಮ್ಮ ಜೋಡಿ ಯಾವುದೋ ಮಂಜಿನ ದೇಶದ ಕಂಪ್ಯೂಟರು. ಆ ಕಡೆಯ ಉತ್ತರವೂ ಬಂತು. ಹೊಂದಿಕೊಂಡಿತು!

ನಿಜ ಹೇಳ್ತೀನಿ, ನನಗೆ ಮೈ ಜುಮ್ಮಂತು. ಅವರು ಯಾರೋ, ಯಾವ ಭಾಷೆಯವರೋ, ಅವರ ಮನೇಲಿ ಮಗ್ಗ ಇದೆಯೋ ಕರಡಿ ಇದೆಯೋ. ಇಲ್ಲಿ ಒಗ್ಗರಣೆ ಹೊಗೆಯಲ್ಲಿ ಕೂತ ನಮ್ಮ ಡಬ್ಬವೂ ಅಲ್ಲಿ ಚಳಿಯಲ್ಲಿ ಕೂತ ಅವರ ಡಬ್ಬವೂ ಒಬ್ಬರಿಗೊಬ್ಬರು ಗೊತ್ತಿಲ್ಲದೆ ಒಂದೇ ಮಾತು ಆಡಿದ್ದವು. ಮಾವ ಪರದೆಗೆ ಕೈಮುಗಿದರು. "ಶಿವಶಿವಾ! ಮಾತಾಡ್ಕೊಳ್ದೇನೇ ಒಂದೇ ಮಾತು ಆಡ್ಬುಟ್ರಲ್ಲಮ್ಮ. ಅಣ್ಣತಮ್ಮಂದ್ರಲ್ಲೂ ಇಂಥದ್ದು ಕಂಡಿಲ್ಲ."

ಆಮೇಲೆ ನನ್ನ ಕಿವಿ ಹತ್ತಿರ ಬಂದು ಮೆಲ್ಲಗೆ ಅಂದರು, "ಅವರ ಫೋನ್ ನಂಬರ್ ಇಸ್ಕೊ. ಮುಂದಿನ ಸಲ ಮೊದಲೇ ಮಾತಾಡ್ಕೊಂಡ್ಬಿಡಾನ."

ಕಲ್ಯಾಣದುರ್ಗದ ಮೇಲೆ ನಂಬಿಕೆ

ನನ್ನ ತಂಗಿಯನ್ನ ಕೊಟ್ಟಿರೋದು ಕಲ್ಯಾಣದುರ್ಗಕ್ಕೆ. ಅವಳ ಅತ್ತೆ ಬೇರೆ ಯಾರೂ ಅಲ್ಲ, ನಮ್ಮ ಮಾವನ ಸ್ವಂತ ಅಕ್ಕ, ನಮಗೆ ದೊಡ್ಡತ್ತೆ. ತಂಗಿ ತನ್ನ ಜೆರಾಕ್ಸ್ ಅಂಗಡಿಯ ಕಂಪ್ಯೂಟರನ್ನೂ ಇದಕ್ಕೆ ಸೇರಿಸಿದಳು. ಅವಳದು ಹೊಸ ಮಿಷನ್ನು. ಒಂದಾದ ಮೇಲೊಂದು ಸರಿ ಉತ್ತರ ಕಳಿಸಿ ಕಳಿಸಿ, ಕೊನೆಗೆ ಅವಳ ಕೆಲಸಕ್ಕೆ ಜೋಡಿಯೇ ಬೇಡ, ಅವಳೊಬ್ಬಳ ಮಾತೇ ಸಾಕು ಅನ್ನೋ ಮಟ್ಟಕ್ಕೆ ನಂಬಿಕೆ ಬಂತು. ಯಾವಾಗಲೋ ಒಮ್ಮೆ ಹೇಳದೆ ಕೇಳದೆ ಪರೀಕ್ಷೆ ಮಾಡ್ತಾರೆ, ಅಷ್ಟೇ.

ಮಾವನ ಹೊಟ್ಟೆಗೆ ಬೆಂಕಿ ಬಿತ್ತು. "ಕಲ್ಯಾಣದುರ್ಗದೋರು ಸತ್ಯವಂತರು, ಹಿಂದೂಪುರದೋರು ಅಲ್ವಾ?" ಅಂತ ಅಕ್ಕನಿಗೇ ಫೋನ್ ಹಚ್ಚಿದರು.

ದೊಡ್ಡತ್ತೆ ಬಿಡೋ ಪೈಕಿ ಅಲ್ಲ. "ನಮ್ಮ ಮನೇಲಿ ಮನುಷ್ಯರೂ ಸುಳ್ಳೇಳಲ್ಲ, ಮಿಷನ್ನೂ ಸುಳ್ಳೇಳಲ್ಲ ಕಣ್ಲಾ. ನಿಂದು ಚಿಕ್ಕಂದಿನ ಚಟ, ನಿನ್ನ ಮಿಷನ್ನಿಗೂ ಅಂಟಿರ್ತೈತೆ, ಜೋಪಾನ!"

ಮಾವ ಫೋನ್ ಕುಕ್ಕಿದರು. "ನಮ್ಮ ಮಿಷನ್ನು ಒಂದೇ ಒಂದು ಸುಳ್ಳು ಹೇಳ್ಲಿ, ಅವತ್ತೇ ಆ ಕೆಲಸ ನಿಲ್ಲಿಸ್ತೀನಿ. ಬರೀ ನವಿಲು ಬರ್ಕೊಂಡು ಬಿದ್ದಿರ್ಲಿ. ಸುಳ್ಳು ಹೇಳೋ ಬಾಯಿ ಈ ಮನೇಲಿ ಇರಬಾರ್ದು!"

ಅತ್ತೆ ಒಳಗಿಂದ ಸುಮ್ಮನೆ ಕೆಮ್ಮಿದರು.

ಮಿಷನ್ನಿಗೆ ಜ್ವರ

ಆಡಿದ ಬಾಯಿ ಒಣಗೋ ಮೊದಲೇ ನಮ್ಮ ಉತ್ತರವೂ ಜೋಡಿಯ ಉತ್ತರವೂ ಬೇರೆ ಬೇರೆ ಬಂದವು. ಮೂರನೆಯವರಿಗೆ ಹೋಯ್ತು.

"ಆ ಕಡೆಯೋನೇ ಸುಳ್ಳ," ಅಂತ ಮಾವ ಊಟ ಬಿಟ್ಟು ಪರದೆ ಮುಂದೆ ಕೂತರು. ಮೂರನೇ ಉತ್ತರ ಬಂತು. ಅದು ಆ ಕಡೆಯವರ ಜೊತೆಗೇ ಹೊಂದಿತು. ನಮ್ಮದು ತಪ್ಪು.

ಮಾವನ ಮುಖ ಇಂಗು ತಿಂದ ಮಂಗನ ಹಾಗಾಯ್ತು. ಎದ್ದು ಪ್ಲಗ್ಗಿಗೆ ಕೈ ಹಾಕಿದರು. ನಾನು ಬೇಗ ಬೇಗ ಡಬ್ಬ ಬಿಚ್ಚಿದೆ. ನೋಡಿದ್ರೆ, ಒಳಗಿನ ಫ್ಯಾನಿನ ತುಂಬ ಮಗ್ಗದ ನೂಲಿನ ಜುಂಗು! ರೆಕ್ಕೆ ತಿರುಗೋಕೂ ಜಾಗ ಇಲ್ಲ.

"ಸುಳ್ಳಲ್ಲ ಮಾವ, ಜ್ವರ! ಕಾದು ಕಾದು ಕನವರಿಸಿದೆ." ಹೇಳ್ತಾ ಹೇಳ್ತಾ ನನಗೇ ಬೆರಗಾಯ್ತು. ಎಲ್ಲೋ ಕೂತ ಇಬ್ಬರು ಅಪರಿಚಿತರು, ನಮ್ಮ ಬೀದಿಯನ್ನೇ ಕಾಣದೋರು, ನಮ್ಮ ಡಬ್ಬದೊಳಗೆ ಧೂಳಿದೆ ಅಂತ ಹೇಳಿಬಿಟ್ಟಿದ್ದರು!

"ಜ್ವರ ಇರ್ಲಿ, ಸನ್ನಿ ಇರ್ಲಿ. ಸುಳ್ಳು ಸುಳ್ಳೇ," ಅಂತ ಮಾವ ಪ್ಲಗ್ ಕಿತ್ತರು. "ಇನ್ನು ಆ ಕೆಲಸ ಬ್ಯಾಡ."

ಅಮ್ಮನಿಗೆ ಅಂತ ನಾನು ಮಾಡ್ತಿದ್ದಿದ್ದು ಅದೊಂದೇ ಕೆಲಸ. "ಮಾವ, ನಮ್ಮಮ್ಮ..." ಅನ್ನೋಷ್ಟರಲ್ಲಿ ಕಣ್ಣು ತುಂಬಿತು.

ಆಗ ಅತ್ತೆ ಸೌಟು ಹಿಡಿದೇ ಆಚೆ ಬಂದರು. "ಸುಳ್ಳು ಹೇಳೋ ಬಾಯಿ ಇರಬಾರ್ದು ಅಂದ್ರೆ ಮೊದಲು ನೀವು ಹೊರಡಿ. ಹೆಣ್ಣು ನೋಡೋಕೆ ಬಂದ ದಿನದ ಕಾಫಿ ಕಥೆ ಏನಾಯ್ತು?"

ಆ ಕಥೆ ನಮ್ಮ ಮನೇಲಿ ಹಳೇ ವ್ಯಾಜ್ಯ. ತನ್ನ ಚೆಂದ ನೋಡಿ ಹುಡುಗಿ ಮೈಮರೆತು ಕಾಫಿ ಚೆಲ್ಲಿದಳು ಅಂತ ಮಾವ. ತನ್ನನ್ನ ನೋಡಿ ಗಂಡಿನ ಕೈ ನಡುಗಿ ಲೋಟ ಬಿತ್ತು ಅಂತ ಅತ್ತೆ.

"ಮೂರನೇ ಮಿಷನ್ನು ಹೇಳಲಿ," ಅಂದರು ಅತ್ತೆ. "ನಿಮ್ಮಕ್ಕ ಅವತ್ತು ಪಕ್ಕದಲ್ಲೇ ಕೂತಿದ್ರು. ಯಾರು ಏನಂದ್ರು ಅಂತ ಅವರಿಗೆ ಹೇಳೋ ಹಂಗಿಲ್ಲ. ನನ್ನ ಮಾತು ಹೊಂದಿದ್ರೆ, ಈ ಮಗು ಅವ್ರಮ್ಮಂಗೆ ಅಂತ ಮಾಡೋ ಕೆಲಸ ನಡೀಬೇಕು."

ಅತ್ತೆ ಒಲೆ ಮುಂದೆ ಕೂತೇ ಎಲ್ಲಾ ಅರ್ಥ ಮಾಡಿಕೊಂಡಿದ್ದರು! ಸ್ಪೀಕರ್ ಹಾಕಿ ಫೋನ್ ಮಾಡಿದೆ. "ದೊಡ್ಡತ್ತೆ, ಅತ್ತೇನ ನೋಡೋಕೆ ಬಂದ ದಿನ ಕಾಫಿ ಚೆಲ್ಲಿದ್ದು ಹೆಂಗೆ?"

"ಯಾವ ಕಾಫಿನೇ? ಅವತ್ತು ಕೊಟ್ಟಿದ್ದು ಮಜ್ಜಿಗೆ. ಚೆಲ್ಲಿದ್ದು ನಾನು. ಇವರಿಬ್ಬರೂ ಒಬ್ಬರನ್ನೊಬ್ಬರು ಕಣ್ಣೆತ್ತಿ ಕೂಡ ನೋಡ್ಲಿಲ್ಲ. ನಿಮ್ಮ ಮಾವ ಗೋಡೆ ಮೇಲಿನ ಹಲ್ಲಿ ನೋಡ್ಕೊಂಡು ಕೂತಿದ್ದ!"

"ಅಬದ್ಧ!" ಅಂತ ಮಾವ ಅತ್ತೆ ಒಟ್ಟಿಗೇ ಕಿರುಚಿದರು. "ಕಣ್ಣಲ್ಲಿ ಕಣ್ಣಿಟ್ಟು ನೋಡಿದ್ವಿ!"

ಅದೇ ಮಾತು, ಅದೇ ಗಳಿಗೆ, ಎರಡು ಬಾಯಿ. ಅತ್ತೆ ಸೆರಗು ಮುಖಕ್ಕೆ ಎಳಕೊಂಡರು. ಮಾವನ ಕಿವಿ ಕೆಂಪಾಯ್ತು. ನಾನು ಬಾಯಿ ಬಿಟ್ಟುಕೊಂಡು ನಿಂತೆ.

ಮಾವ ಮಗ್ಗದ ಕುಂಚ ತಂದು ಫ್ಯಾನಿನ ಜುಂಗು ತಾವೇ ಉಜ್ಜಿ ತೆಗೆದರು, ಪ್ಲಗ್ಗು ಸಿಕ್ಕಿಸಿದರು. "ಇಬ್ಬರದು ಹೊಂದ್ತು ಕಣಮ್ಮ. ನಿಮ್ಮಮ್ಮನ ಕೆಲಸ ಸುರು ಮಾಡು."

ಫೋನಿನಲ್ಲಿ ದೊಡ್ಡತ್ತೆ ಇನ್ನೂ "ಹಲೋ, ಹಲೋ" ಅಂತಿದ್ದರು. ಮಾವ ಬಾಗಿ, ಬಲು ಮರ್ಯಾದೆಯಿಂದ ಹೇಳಿದರು:

"ಅಕ್ಕಾ, ನಿನ್ನ ಉತ್ತರ ತಪ್ಪು. ಒಂದ್ಸಲ ಬಿಚ್ಚಿಸಿ ಧೂಳು ಕೊಡವಿಸ್ಕೊ."