ಮೂವತ್ತೆರಡು ಗುಂಡುಸೂಜಿಯ ಕೋಟು

ಕರಿ ಕುದುರೆಗೆ ಹಸಿವೇನೂ ಇರಲಿಲ್ಲ. ಒಂದು ಬಕೆಟ್ಟು ಧಾನ್ಯ, ಎರಡು ಹೊರೆ ಹುಲ್ಲು ಮುಗಿಸಿ, ಬಾಯಿ ಸುಮ್ಮನಿರಲಾರದೆ, ಮೊಳೆಗೆ ತೂಗುಹಾಕಿದ್ದ, ಲಾಯದ ಆಳು ಕಡ್ಡಿಯ ಇಸ್ತ್ರಿ ಶರಟಿನ ಕಡೆಗೆ ಕತ್ತು ಚಾಚಿತು. ಕಡ್ಡಿ ಅದರ ಗೊರಸು ಕೆರೆದು ತಲೆಯೆತ್ತುವ ಹೊತ್ತಿಗೆ ಕಾಲರೂ ಒಂದು ತೋಳೂ ಹೊಟ್ಟೆ ಸೇರಿದ್ದವು. ಇನ್ನೊಂದು ತೋಳು ಅದರ ಬಾಯಂಚಿನಲ್ಲಿ, ರೈಲು ಹೊರಟಾಗ ಟಾಟಾ ಮಾಡುವ ಕೈಯ ಹಾಗೆ ಆಡುತ್ತಿತ್ತು.

ಕಡ್ಡಿ ಹದಿನಾಲ್ಕು ವರ್ಷದಿಂದ ಧಣಿಗಳ ಲಾಯದಲ್ಲಿ ಕುದುರೆ ನೋಡಿಕೊಳ್ಳುತ್ತಿದ್ದ. ಕರಿ ಕುದುರೆಗೆ ಏಳು ತಲೆಮಾರಿನ ವಂಶಾವಳಿ ಇತ್ತು. ಕಾಗದದ ಮೇಲಿನ ಅದರ ಪೂರ್ತಿ ಹೆಸರು ಓದಲು ನಡುವೆ ಒಮ್ಮೆ ಉಸಿರು ಎಳೆದುಕೊಳ್ಳಬೇಕು. ಕೆಮ್ಮಿದರೆ ಕಾರಿನಲ್ಲಿ ಡಾಕ್ಟರು ಬರುತ್ತಿದ್ದರು. ಅದರ ಲದ್ದಿ ಬಾಚುವವನಿಗೆ ಮಾತ್ರ ಎರಡಕ್ಷರದ ಹೆಸರೇ ಸಾಕಾಗಿತ್ತು.

ಅವತ್ತು ಮಧ್ಯಾಹ್ನ ಎರಡಕ್ಕೆ ಲಾಯದ ಹಿಂದಿನ ಮೈದಾನದಲ್ಲಿ ಕುದುರೆ ಪ್ರದರ್ಶನ. ಧಣಿಗಳ ಎರಡು ಕುದುರೆ ಕಣಕ್ಕೆ ಇಳಿಯಲಿದ್ದವು. ಕರಿಯನ್ನು ಹಿಡಿಯುವವನು ಕಡ್ಡಿ, ಕಂದು ಕುದುರೆಯನ್ನು ಹಿಡಿಯುವವನು ಬಾಗಿಲು ತುಂಬುವಷ್ಟು ದಪ್ಪದ ಗಡವ. ಲಾಯದ ಉಗ್ರಾಣದ ಮೇಲೆ ಎರಡು ಕೋಣೆಯ ಮನೆಯೊಂದು ಖಾಲಿ ಬಿದ್ದಿತ್ತು. ಅದನ್ನು ಇಬ್ಬರಲ್ಲಿ ಒಬ್ಬರಿಗೆ ಕೊಡುವುದಾಗಿಯೂ, ಪ್ರದರ್ಶನ ಮುಗಿದ ಮೇಲೆ ಅತಿಥಿಗಳ ಮುಂದೆ ಹೆಸರು ಹೇಳುವುದಾಗಿಯೂ ಧಣಿಗಳು ಸಾರಿದ್ದರು. ಕಡ್ಡಿಯ ಸಂಸಾರವಿದ್ದದ್ದು ಒಂದೇ ಕೋಣೆಯಲ್ಲಿ. ಅವನ ತಾಯಿ ಮಗ್ಗುಲು ಬದಲಿಸಬೇಕಾದರೆ ಉಳಿದ ನಾಲ್ವರೂ ಒಪ್ಪಬೇಕು.

ಕಡ್ಡಿ ಮೈಮೇಲಿದ್ದ ಕೆಲಸದ ಶರಟಿನಲ್ಲೇ ಮನೆಗೆ ಓಡಿದ. ಆ ಶರಟಿಗೆ ಬೆನ್ನಿನ ಕಡೆ ಗಾಳಿ ಬೆಳಕು ಧಾರಾಳವಾಗಿತ್ತು.

"ಕುದುರೆ ಶರಟು ತಿಂತು ಕಣೇ."

ಹೆಂಡತಿ ಸೌಟು ಕೆಳಗಿಟ್ಟಳು. "ಪೂರ್ತಿ?"

"ಗುಂಡಿ ಉಗೀತು."

"ಬುದ್ಧಿವಂತ ಕುದುರೆ. ನಿಮಗೆ ಅಷ್ಟೂ ಇಲ್ವಲ್ರೀ! ಕುದುರೆ ಬಾಯಿಗೆ ಎಟುಕೋ ಮೊಳೆಗೆ ಯಾರಾದ್ರೂ ಶರಟು ಹಾಕ್ತಾರಾ?"

ತೆಳು ಗೋಡೆಯ ಆಚೆಯಿಂದ ನಿವೃತ್ತ ಗುಮಾಸ್ತರು ಪ್ರತ್ಯಕ್ಷರಾದರು. ಕಾಯಿದೆ ಎಂದರೆ ಅವರಿಗೆ ಪ್ರಾಣ, ಆದ್ದರಿಂದ ಓಣಿಗೆಲ್ಲ ಅವರು ರೂಲ್ಸ್ ಮಾವ. ಕಡ್ಡಿಯ ಜೇಬಿನಿಂದ ಪ್ರದರ್ಶನದ ನಿಯಮದ ಹಾಳೆಯನ್ನು ತಾವೇ ಎಳೆದುಕೊಂಡು ಓದಿದರು.

"ನೋಡಪ್ಪಾ, ಕುದುರೆ ಹಿಡಿದವನ ಉಡುಪಿಗೆ ಹತ್ತು ಅಂಕ, ನಿಲುವಿಗೆ ಹತ್ತು. ಕಪ್ಪು ಕುದುರೆ ಆದ್ರೆ ತಿಳಿ ಬಣ್ಣದ ಕೋಟು. ಉಡುಪು ಕುದುರೆಯ ಅಂದ ಎತ್ತಿ ತೋರಿಸಬೇಕು. ಆದ್ರೆ ಹಿಡಿದವನು ಎದ್ದು ಕಾಣಬಾರದು."

"ಮಾವ, ಎದ್ದು ಕಾಣದ ಹಾಗಿರೋದು ನನಗೆ ಹುಟ್ಟಿದಾಗಿಂದ ಅಭ್ಯಾಸ. ಕೋಟು ಎಲ್ಲಿಂದ ತರಲಿ?"

ಪೇಟೆಯಲ್ಲಿ ಅಂಥ ಕೋಟಿತ್ತು. ಗಾಜಿನ ಒಳಗೆ, ತಲೆಯಿಲ್ಲದ ಬೊಂಬೆಯ ಮೈಮೇಲೆ. ಅದರ ಬೆಲೆಚೀಟಿ ನೋಡಿದವನಿಗೆ ಬೊಂಬೆಯ ತಲೆ ಎಲ್ಲಿ ಹೋಯಿತೆಂಬುದು ತಿಳಿಯುತ್ತಿತ್ತು. ಕಡ್ಡಿ ಆ ಕಡೆ ಹೋಗದೆ ಮಹಡಿ ಮೇಲಿನ ಟೈಲರನ ಬಾಗಿಲು ಬಡಿದ.

ಟೈಲರನ ಬಳಿ ಕೆನೆ ಬಣ್ಣದ ಹೊಸ ಕೋಟೊಂದು ಸಿದ್ಧವಾಗಿತ್ತು. ಆದರೆ ಅದು ಸಕ್ಕರೆ ವ್ಯಾಪಾರಿಯದು, ಅವನ ಹೊಟ್ಟೆಯ ಅಳತೆಗೆ ಟೇಪು ಎರಡು ಸಲ ಹಿಡಿಯಬೇಕಾಗಿತ್ತಂತೆ.

"ಸಂಜೆ ಆರಕ್ಕೆ ಒಯ್ಯೋಕೆ ಬರ್ತಾನೆ," ಎಂದ ಟೈಲರು. "ಐದಕ್ಕೆ ನನ್ನ ಕೈಗೆ ಬರಬೇಕು. ಕೂರಬೇಡ, ಬಗ್ಗಬೇಡ, ಬೆವರಬೇಡ."

"ಉಸಿರಾಡಬಹುದಾ ಅಣ್ಣಾ?"

"ಮೂಗಲ್ಲಿ ಮಾತ್ರ. ದಾರೀಲಿ ಹಾಕ್ಕೊಂಡು ಧೂಳು ಮಾಡಬೇಡ, ನಾನೇ ಲಾಯಕ್ಕೆ ಬಂದು ತೊಡಿಸ್ತೀನಿ."

ಇಷ್ಟರಲ್ಲಿ ಸುದ್ದಿ ಓಣಿಯ ತುದಿ ಮುಟ್ಟಿತ್ತು. ಬ್ಯಾಂಡಿನವನು ತನ್ನ ಬಿಳಿ ಪ್ಯಾಂಟು ತಂದ. ಎರಡೂ ಬದಿಗೆ ಕೆಂಪು ಪಟ್ಟಿ. ಹೆಂಡತಿ ಅದಕ್ಕೆ ಸೀಮೆಸುಣ್ಣ ತಿಕ್ಕಿದಳು. ಕೆಂಪು ಗುಲಾಬಿಯಾಯಿತೇ ಹೊರತು ಬಿಳಿಯಾಗಲಿಲ್ಲ.

"ಪರವಾಗಿಲ್ಲ," ಎಂದ ಬ್ಯಾಂಡಿನವನು. "ಯಾರಾದ್ರೂ ಕೇಳಿದ್ರೆ ಹೊಸ ಫ್ಯಾಷನ್ ಅನ್ನು. ಸಾಹುಕಾರರು ಫ್ಯಾಷನ್ ಅಂದ್ರೆ ಬಾಯಿ ಮುಚ್ಕೋತಾರೆ."

ಮೂಲೆಮನೆ ಅಜ್ಜಿ ತೀರಿಹೋದ ಗಂಡನ ಬೂಟು ಕೊಟ್ಟಳು. "ಮುದುಕ ಇದನ್ನ ಹಾಕ್ಕೊಂಡು ಎಲ್ಲೂ ಸೋತು ಬಂದಿಲ್ಲ ಮಗಾ." ಬೂಟು ಎರಡು ಸೈಜು ದೊಡ್ಡದು. ತುದಿಗೆ ತುರುಕಲು ಕಾಗದ ಬೇಕಾಯಿತು. ರೂಲ್ಸ್ ಮಾವ ಲಬೊಲಬೊ ಎನ್ನುತ್ತಿದ್ದಂತೆಯೇ ನಿಯಮದ ಹಾಳೆ ಬಲಗಾಲಿನ ಬೂಟು ಸೇರಿತು.

ಒಂದೂವರೆಗೆ ಲಾಯದಲ್ಲಿ ಶೃಂಗಾರ ನಡೆಯಿತು. ಕಡ್ಡಿ ಹರಕು ಶರಟು ಬಿಚ್ಚಿ, ಈ ಸಲ ಕುದುರೆಗೆ ಎಟುಕದ ಬಾಗಿಲ ಮೊಳೆಗೆ ಹಾಕಿದ. ಸಕ್ಕರೆ ವ್ಯಾಪಾರಿಯ ಕೋಟಿನೊಳಗೆ ಅವನು ಡೇರೆಯೊಳಗಿನ ಗೂಟದ ಹಾಗೆ ಕಾಣುತ್ತಿದ್ದ. ಟೈಲರು ಬೆನ್ನ ಹಿಂದೆ ಬಟ್ಟೆಯನ್ನು ಮಡಿಚಿ ಗುಂಡುಸೂಜಿ ಚುಚ್ಚತೊಡಗಿದ. ಮೂವತ್ತೆರಡು ಗುಂಡುಸೂಜಿ ಮುಗಿಯುವ ಹೊತ್ತಿಗೆ ಮುಂದಿನಿಂದ ನೋಡಿದರೆ ರಾಯಭಾರಿ, ಹಿಂದಿನಿಂದ ನೋಡಿದರೆ ಮುಳ್ಳುಹಂದಿ.

"ನೆಟ್ಟಗಿರು," ಎಂದ ಟೈಲರು. "ಒಂದು ಬೆರಳಷ್ಟು ಬಗ್ಗಿದರೂ ಮೂವತ್ತೆರಡೂ ಒಟ್ಟಿಗೆ ಮಾತಾಡ್ತವೆ."

ಪಕ್ಕದ ಕಟ್ಟೆಯ ಮೇಲೆ ಗಡವ, ಯಾರದೋ ಕಡ ತಂದ ಹಸಿರು ಸೂಟಿನಲ್ಲಿ ಮೀಸೆ ತಿರುವುತ್ತ ನಿಂತಿದ್ದ. "ಏನ್ ಕಡ್ಡಿ, ಮದುವೆನಾ?" ಎಂದು ಹಲ್ಲು ಕಿಸಿದ. "ಎರಡು ಕೋಣೆಗೂ ಸುಣ್ಣ ಯಾವ ಬಣ್ಣದ್ದು ಅಂತ ನನ್ನ ಹೆಂಡತಿ ಆಗಲೇ ನೋಡಿಟ್ಟಿದ್ದಾಳೆ."

ಕಡ್ಡಿ ಮೂಗಲ್ಲಿ ಉಸಿರಾಡುತ್ತಿದ್ದ.

ಕಣಕ್ಕೆ ಇಳಿದದ್ದೇ ತಡ, ಅದ್ಭುತ ನಡೆಯಿತು. ಉಳಿದವರು ಓಡುವಾಗ ಗೂನಾದರು, ತಿರುಗುವಾಗ ತೂರಾಡಿದರು. ಕಡ್ಡಿ ಮಾತ್ರ ಕಂಬದ ಹಾಗೆ ಓಡಿದ, ಕಂಬದ ಹಾಗೆ ನಿಂತ. ಸ್ವಲ್ಪ ಬಾಗಿದರೆ ಸೊಂಟಕ್ಕೆ ಹನ್ನೆರಡು ಕಡೆ ಚುಚ್ಚುತ್ತಿತ್ತು. ಕಣ್ಣಲ್ಲಿ ನೀರಾಡಿದ್ದನ್ನು ತೀರ್ಪುಗಾರರು ಪ್ರಾಣಿಪ್ರೀತಿ ಎಂದು ಬರೆದುಕೊಂಡರು. ಕರಿಯಂತೂ ಕೆನೆ ಬಣ್ಣದ ತೋಳಿನ ಮೇಲೆಯೇ ಕಣ್ಣಿಟ್ಟು, ಬೆಳಗಿನ ರುಚಿ ನೆನೆದು, ಕಿವಿ ನಿಮಿರಿಸಿ ಕತ್ತು ಚಾಚಿ ನಿಂತಿತು.

"ಎಂಥ ಏಕಾಗ್ರತೆ!" ಎಂದರು ತೀರ್ಪುಗಾರರು.

ಮೊದಲ ಬಹುಮಾನ ಕರಿಗೆ. ರಿಬ್ಬನ್ನನ್ನು ಕುದುರೆಯ ಕೊರಳಿಗೆ ಕಟ್ಟಿದರು, ಬೆಳ್ಳಿ ಲೋಟವನ್ನು ಧಣಿಗಳ ಕೈಗಿಟ್ಟರು. ಮೈ ಬೆಚ್ಚಗಿರಲೆಂದು ಕುದುರೆಗೆ ಮಖಮಲ್ಲಿನ ಹೊದಿಕೆಯೊಂದನ್ನೂ ಹೊದಿಸಿದರು. ಕಡ್ಡಿಯ ಕೈ ಕುಲುಕಲು ತೀರ್ಪುಗಾರರೊಬ್ಬರು ಮುಂದಾದರು. ಅವನು ಬಗ್ಗದೆ ನಿಂತದ್ದನ್ನು ಕಂಡು "ಮನೆತನಸ್ಥ" ಎಂದು ಗೊಣಗಿಕೊಂಡು ತಾವೇ ತುಸು ಬಗ್ಗಿದರು.

ಆಗ ಕಣದ ಬಾಗಿಲಲ್ಲಿ ಗದ್ದಲವಾಯಿತು. ತನ್ನ ಸರದಿ ತಪ್ಪಿಹೋದ ಮೇಲೆ ಗಡವ ಈಗ ಬರುತ್ತಿದ್ದ. ಕಂದು ಕುದುರೆ ಕೊನೇ ಗಳಿಗೆಯಲ್ಲಿ ಅವನನ್ನು ನೀರಿನ ತೊಟ್ಟಿಗೆ ಕೆಡವಿತ್ತು. ಹಸಿರು ಸೂಟು ನೀರಿಗೆ ಬಿದ್ದ ಬೆಕ್ಕಾಗಿತ್ತು. ಅವನು ಕೈಗೆ ಸಿಕ್ಕಿದ್ದನ್ನು ತೊಟ್ಟು ಬಂದಿದ್ದ.

ಕೈಗೆ ಸಿಕ್ಕಿದ್ದು ಬಾಗಿಲ ಮೊಳೆಯ ಮೇಲಿನ ಶರಟು.

ಕಡ್ಡಿಯ ಮೈಮೇಲೆ ಅದು ಬರೀ ಹರಕು. ಗಡವನ ಮೈಮೇಲೆ ಅದು ಮಹಾಕಾವ್ಯ. ಕಂಕುಳು ಬಿರಿದಿತ್ತು, ಗುಂಡಿಗಳು ಹಾರಿಹೋಗಿದ್ದವು, ಬೆನ್ನಿನ ತೂತು ಹೆಬ್ಬಾಗಿಲಾಗಿತ್ತು. ಅತಿಥಿ ಹೆಂಗಸರು ಕರವಸ್ತ್ರ ತೆಗೆದರು. ಫೋಟೋದವನು ಓಡಿಬಂದ.

ಧಣಿಗಳು ಆ ಕ್ಯಾಮೆರಾ ನೋಡಿದರು, ಆಮೇಲೆ ಶರಟು ನೋಡಿದರು, ಆಮೇಲೆ ಗಂಟಲು ಸರಿಮಾಡಿಕೊಂಡರು.

"ಬಂಧುಗಳೇ, ನನ್ನ ಹತ್ತಿರ ದುಡಿಯೋನು ಇಂಥ ಬಟ್ಟೇಲಿದ್ದಾನೆ ಅಂತ ನನಗೆ ಇವತ್ತಿನವರೆಗೂ ಗೊತ್ತೇ ಇರಲಿಲ್ಲ! ಕರುಳು ಕಿತ್ತು ಬರ್ತಿದೆ. ಲಾಯದ ಮನೆ ಇವನಿಗೇ."

ಚಪ್ಪಾಳೆ. ಕಡ್ಡಿಗೆ ಗುಂಡುಸೂಜಿ ಮರೆತುಹೋಯಿತು. ಬಾಗಿದ, ಮೂವತ್ತೆರಡೂ ಮಾತಾಡಿದವು.

"ಅಯ್ಯೋ! ಧಣೀ, ಮನೆ ನನಗೆ ಅಂತ... ನಾವು ಐದು ಜನ ಒಂದೇ ಕೋಣೇಲಿ..."

ಧಣಿಗಳು ಕೆನೆ ಬಣ್ಣದ ಕೋಟನ್ನು ಕೆಳಗಿಂದ ಮೇಲಿನವರೆಗೆ ನೋಡಿದರು. "ಇಂಥ ಬಟ್ಟೆ ನನ್ನ ಹತ್ತಿರವೂ ಇಲ್ವಲ್ಲಯ್ಯ. ನಿನಗೆ ಮನೆ ಯಾಕೆ?"

"ಕೋಟು ನಂದಲ್ಲ ಧಣೀ! ಪ್ಯಾಂಟು ಬ್ಯಾಂಡಿನವನದು, ಬೂಟು ಸತ್ತೋದ ತಾತಂದು! ನಂದು ಅಂತ ಇರೋದು ಆ ಶರಟು! ಅವನು ಹಾಕ್ಕೊಂಡಿದ್ದಾನಲ್ಲ, ಆ ಹರಕು ಶರಟು ನಂದು!"

ಧಣಿಗಳು ಅತಿಥಿಗಳ ಕಡೆ ತಿರುಗಿ ನಿಟ್ಟುಸಿರಿಟ್ಟರು.

"ನೋಡಿದ್ರಾ? ಹೊಟ್ಟೆ ತುಂಬಿದವನ ದುರಾಸೆ ಅಂದ್ರೆ ಇದು. ಬಡವನ ಮೈಮೇಲಿನ ಚಿಂದೀನೂ ನಂದು ಅಂತಾನೆ."

ಇನ್ನೂ ದೊಡ್ಡ ಚಪ್ಪಾಳೆ ಬಿತ್ತು.

ಐದಕ್ಕೆ ಸರಿಯಾಗಿ ಟೈಲರು ಬಂದು ಗುಂಡುಸೂಜಿ ಎಣಿಸಿಕೊಂಡು ಕೋಟು ಬಿಚ್ಚಿಸಿದ. ಬನಿಯನ್ನಿನಲ್ಲಿ ನಿಂತ ಕಡ್ಡಿ, ಉಗ್ರಾಣದ ಮೆಟ್ಟಿಲ ಮೇಲೆ ಹೊಸ ಬೀಗದ ಕೈ ತಿರುಗಿಸುತ್ತಿದ್ದ ಗಡವನ ಬಳಿ ಹೋದ.

"ಮನೆ ಹೋಯ್ತು, ಹೋಗಲಿ. ಶರಟಾದ್ರೂ ಕೊಡೋ ಮಾರಾಯ."

ಗಡವ ಎದೆಯ ಮೇಲಿನ ಚಿಂದಿಯನ್ನು ಎರಡೂ ಕೈಯಿಂದ ಹಿಡಿದುಕೊಂಡ. "ಅಯ್ಯೋ, ಕೊಡೋಕಾಗಲ್ಲ ಕಣಣ್ಣಾ. ತಿಂಗಳಿಗೊಂದು ಸಲ ಮನೆ ನೋಡೋಕೆ ಬರ್ತೀನಿ ಅಂದಿದ್ದಾರೆ ಧಣಿಗಳು. ಇದಿಲ್ದಿದ್ರೆ ಬಿಡಿಸಿಬಿಡ್ತಾರೆ."

ಕಡ್ಡಿ ಕುದುರೆ ಕಟ್ಟಿದ. ಮಖಮಲ್ಲು ಹೊದ್ದ ಕರಿ, ಬನಿಯನ್ನಿನವನನ್ನು ಒಮ್ಮೆ ಮೂಸಿ, ತಿನ್ನುವಂಥದ್ದೇನೂ ಇಲ್ಲವೆಂದು ಮುಖ ತಿರುಗಿಸಿತು.

ಓಣಿಯ ಬಾಯಲ್ಲಿ ರೂಲ್ಸ್ ಮಾವ, ಅಜ್ಜಿ, ಬ್ಯಾಂಡಿನವನು ಎಲ್ಲರೂ ಕಾಯುತ್ತಿದ್ದರು. ಎಲ್ಲರಿಗಿಂತ ಮುಂದೆ ಹೆಂಡತಿ.

"ಗೆದ್ರಂತಲ್ಲ! ಮನೆ ಸಿಕ್ತಾ?"

"ಸಿಕ್ತು," ಎಂದ ಕಡ್ಡಿ, ಒಂದೊಂದೇ ಬೂಟು ಬಿಚ್ಚುತ್ತಾ. "ನಮ್ಮ ಶರಟಿಗೆ."